ಕೆಲಸ ಬರುತ್ತದೆ, ಸಂದರ್ಶನ ಬರುವುದಿಲ್ಲ: ಆಟಿಸಂ ಇರುವ ವಯಸ್ಕರಿಗೆ ಪೂರ್ಣಾವಧಿ ಉದ್ಯೋಗ

ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಕುರಿತು ಒಂದು ಪ್ರಬಂಧ ಬರೆದರು. ಇತರರೊಡನೆ ಬೆರೆಯುವ, ಮಾತನಾಡುವ, ಸುತ್ತಲನ್ನು ಗ್ರಹಿಸುವ ರೀತಿ ಬಾಲ್ಯದಿಂದಲೇ ಬೇರೆಯಾಗಿರುವ, ಇಂದು ನಾವು ಆಟಿಸಂ ಅಥವಾ ಸ್ವಲೀನತೆ ಎಂದು ಕರೆಯುವ ಸ್ಥಿತಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಬರಹ ಅದು. ಆ ಪ್ರಬಂಧದ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್, ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಆ ಹುಡುಗ ಬೆಳೆದು, ಕಾಲೇಜಿನಲ್ಲಿ ಫ್ರೆಂಚ್ ಓದಿ, 1958ರಲ್ಲಿ ಪದವಿ ಪಡೆದು, ತನ್ನೂರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಸುಮಾರು 65 ವರ್ಷ ಅದೇ ಬ್ಯಾಂಕಿನ ನಂಟು. 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಬಗ್ಗೆ ಬರೆದವರು ಊರಿನವರ ಅಕ್ಕರೆಯನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಆ ಬ್ಯಾಂಕು ಅವರ ತಾಯಿಯ ಮನೆತನಕ್ಕೆ ಸೇರಿದ್ದು. ಅಪರಿಚಿತರ ಮುಂದೆ ಕುಳಿತು, ಅರ್ಧ ಗಂಟೆಯಲ್ಲಿ ತನ್ನ ಯೋಗ್ಯತೆಯನ್ನು ಮಾತಿನಲ್ಲಿ ತೋರಿಸಿಕೊಡಬೇಕಾದ ಅಗತ್ಯ ಮನೆತನದ ಬ್ಯಾಂಕಿಗೆ ಸೇರುವವರಿಗೆ ಎಲ್ಲಿಯದು? ಆರು ದಶಕ ಒಂದೇ ಕಡೆ ನೆಲೆ ನಿಂತ ಮನುಷ್ಯ, ಆ ಬಾಗಿಲು ಇಲ್ಲದೆ ಹೋಗಿದ್ದರೆ, ಮೊದಲ ಸಂದರ್ಶನವನ್ನಾದರೂ ದಾಟುತ್ತಿದ್ದರೇ ಎಂಬ ಅನುಮಾನ ನನಗಿದೆ. ಆಟಿಸಂ ಇರುವ ವಯಸ್ಕರ ಉದ್ಯೋಗದ ಪ್ರಶ್ನೆಯೆಲ್ಲ ಈ ಅನುಮಾನದ ಸುತ್ತಲೇ ಇದೆ. ಕೆಲಸ ಮಾಡುವ ಶಕ್ತಿ ಒಂದು, ಕೆಲಸ ಗಿಟ್ಟಿಸುವ ಶಕ್ತಿ ಇನ್ನೊಂದು. ನಮ್ಮ ನೇಮಕಾತಿ ವ್ಯವಸ್ಥೆ ಎರಡನೆಯದನ್ನು ಅಳೆದು ಮೊದಲನೆಯದನ್ನು ಅಳೆದೆನೆಂದು ನಂಬುತ್ತದೆ.

ಅಂಕಿಗಳನ್ನು ನೋಡಿದರೆ ಈ ಅಂತರ ಕಣ್ಣಿಗೆ ಕಟ್ಟುತ್ತದೆ. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಆಟಿಸಂ ಇರುವ ವಯಸ್ಕರಲ್ಲಿ ಸಂಬಳದ ಯಾವುದಾದರೂ ಕೆಲಸದಲ್ಲಿದ್ದವರು ಶೇ 32. ಪೂರ್ಣಾವಧಿ ಕೆಲಸದಲ್ಲಿದ್ದವರು ಕೇವಲ ಶೇ 16. ಕೆಲಸವಿಲ್ಲದವರಲ್ಲಿ ಶೇ 77ರಷ್ಟು ಜನ ತಮಗೆ ಕೆಲಸ ಬೇಕು ಎಂದಿದ್ದರು. ಅದೇ ದೇಶದ ಸರ್ಕಾರಕ್ಕಾಗಿ ಆಗಿನ ಸಂಸದ ರಾಬರ್ಟ್ ಬಕ್‌ಲ್ಯಾಂಡ್ ಅವರು 2024ರ ಫೆಬ್ರುವರಿಯಲ್ಲಿ ಸಲ್ಲಿಸಿದ ವರದಿಯಲ್ಲೂ ಆಟಿಸಂ ಇರುವ, ದುಡಿಯುವ ವಯಸ್ಸಿನ ಹತ್ತು ಮಂದಿಯಲ್ಲಿ ಸುಮಾರು ಮೂವರಿಗಷ್ಟೇ ಉದ್ಯೋಗ ಇತ್ತು. ಎಲ್ಲ ಬಗೆಯ ಅಂಗವಿಕಲರನ್ನು ಒಟ್ಟಿಗೆ ಲೆಕ್ಕ ಹಾಕಿದರೆ ಹತ್ತರಲ್ಲಿ ಐವರಿಗೆ ಕೆಲಸವಿದೆ. ಇಷ್ಟೊಂದು ಜನ ಕೆಲಸ ಬೇಕೆಂದು ಕೇಳುತ್ತಾ ಹೊರಗೆ ನಿಂತಿರುವಾಗ, ದೋಷವನ್ನು ಅವರಲ್ಲೇ ಹುಡುಕುತ್ತಾ ಕುಳಿತರೆ ಪ್ರಯೋಜನವಿಲ್ಲ. ಬಾಗಿಲನ್ನು ಪರೀಕ್ಷಿಸಬೇಕು.

ಸಂದರ್ಶನದ ಕೊಠಡಿಯಲ್ಲಿ ನಡೆಯುವುದೇನು? ಹೊರನೋಟಕ್ಕೆ ಪ್ರಶ್ನೋತ್ತರ. ಒಳಗೆ ನಡೆಯುವುದು ಇನ್ನೊಂದು ಪರೀಕ್ಷೆ: ಕೈಕುಲುಕುವ ಬಗೆ, ಕಣ್ಣಿಗೆ ಕಣ್ಣು ಕೂಡಿಸಿ ಮಾತನಾಡುವ ರೀತಿ, ದನಿಯ ಏರಿಳಿತ, ತಕ್ಕ ಸಮಯಕ್ಕೆ ಒಂದು ನಗು, ಕೇಳಿದ ಪ್ರಶ್ನೆಯ ಹಿಂದಿನ ಪ್ರಶ್ನೆಯನ್ನು ಊಹಿಸುವ ಚುರುಕು. ಆಟಿಸಂ ಇರುವವರ ಮಿದುಳು ಬೇರೆ ರೀತಿ ಕೆಲಸ ಮಾಡುವುದು ಬಹುಮಟ್ಟಿಗೆ ಇಂಥ ಕಡೆಗಳಲ್ಲೇ. ಕಣ್ಣು ಕೂಡಿಸಿದರೆ ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ ಎನ್ನುವವರು ಅವರಲ್ಲಿ ಅನೇಕರು. ಎದುರಿಗಿದ್ದವರು ಆ ನೋಟ ತಪ್ಪಿದ್ದನ್ನು ಅಪ್ರಾಮಾಣಿಕತೆ ಎಂದೋ ಅನಾಸಕ್ತಿ ಎಂದೋ ಓದಿಕೊಳ್ಳುತ್ತಾರೆ.

ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. 'ನಿಮ್ಮ ಬಗ್ಗೆ ಸ್ವಲ್ಪ ಹೇಳಿ' ಎಂದರೆ ಹೆಚ್ಚಿನವರು ವಿದ್ಯಾಭ್ಯಾಸ, ಅನುಭವ, ಈ ಹುದ್ದೆಯ ಮೇಲಿನ ಆಸಕ್ತಿ ಎಂದು ತಾವೇ ಅರ್ಥ ಮಾಡಿಕೊಂಡು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಮಾತನ್ನು ಇದ್ದ ಹಾಗೆಯೇ ತೆಗೆದುಕೊಳ್ಳುವ ವ್ಯಕ್ತಿಗೆ ಅದು ದಿಕ್ಕಿಲ್ಲದ ಪ್ರಶ್ನೆ. ನನ್ನ ಬಗ್ಗೆ ಎಂದರೆ ಏನು? ಎಲ್ಲಿಂದ ಶುರು ಮಾಡಲಿ? 'ಸ್ವಲ್ಪ' ಎಂದರೆ ಎಷ್ಟು? ಈ ಗೊಂದಲದಲ್ಲಿ ಒಂದೋ ಒಂದೇ ವಾಕ್ಯದ ಉತ್ತರ ಬರುತ್ತದೆ, ಇಲ್ಲವೇ ಇಪ್ಪತ್ತು ನಿಮಿಷದ ಉತ್ತರ. 'ನಿಮ್ಮ ದೌರ್ಬಲ್ಯವೇನು?' ಎಂಬುದು ಇನ್ನೂ ಕ್ರೂರ. ಅಲ್ಲಿ ಎಲ್ಲರೂ ಒಪ್ಪಿಕೊಂಡ ಒಂದು ಸಣ್ಣ ನಾಟಕವಿದೆ: ದೌರ್ಬಲ್ಯದ ವೇಷದಲ್ಲಿ ಒಂದು ಗುಣವನ್ನು ಮುಂದಿಡಬೇಕು. ನಾಟಕ ಗೊತ್ತಿಲ್ಲದವರು ನಿಜ ಹೇಳುತ್ತಾರೆ, ನಿಜ ಹೇಳಿದ್ದಕ್ಕೆ ಕೆಲಸ ಕಳೆದುಕೊಳ್ಳುತ್ತಾರೆ. ಕಚೇರಿಗಳು ಪ್ರಾಮಾಣಿಕತೆ ಬೇಕೆಂದು ಜಾಹೀರಾತು ಕೊಟ್ಟು, ಅದು ಎದುರಿಗೆ ಬಂದು ಕುಳಿತಾಗ ಹಿಂದಕ್ಕೆ ಕಳಿಸುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಮೊದಲ ನೋಟ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಅಧ್ಯಯನವಿದೆ. ಸಂಶೋಧಕ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದು. ಆಟಿಸಂ ಇರುವವರು, ಇಲ್ಲದವರು ಮಾತನಾಡಿದ್ದನ್ನು ಚಿತ್ರೀಕರಿಸಿ, ಕೆಲವು ಕ್ಷಣಗಳ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ದೃಶ್ಯ ನೋಡಿದವರೂ ದನಿ ಕೇಳಿದವರೂ, ಬರೀ ಸ್ಥಿರಚಿತ್ರ ನೋಡಿದವರೂ ಸಹ, ಆಟಿಸಂ ಇರುವವರಿಗೆ ಕಡಿಮೆ ಅಂಕ ಕೊಟ್ಟರು; ಅವರೊಡನೆ ಒಡನಾಡುವ ಮನಸ್ಸು ತಮಗೆ ಅಷ್ಟಾಗಿ ಇಲ್ಲವೆಂದರು. ಆದರೆ ಅದೇ ಮಾತುಗಳನ್ನು ಬರಹಕ್ಕಿಳಿಸಿ ಓದಲು ಕೊಟ್ಟಾಗ ಆ ತಾರತಮ್ಯ ಮಾಯವಾಯಿತು. ಹೇಳಿದ ವಿಷಯದಲ್ಲಿ ಕೊರತೆ ಇರಲಿಲ್ಲ. ಕೊರತೆ ಕಂಡದ್ದು ಹೇಳಿದ ರೀತಿಯಲ್ಲಿ, ಅದೂ ನೋಡುವವರ ಕಣ್ಣಿಗೆ.

ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ಇದನ್ನು ಇನ್ನೊಂದು ಕಡೆಯಿಂದ ವಿವರಿಸಿದ್ದರು. ಆಟಿಸಂ ಇರುವವರಿಗೆ ಇತರರ ಮನಸ್ಸು ತಿಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾ ಬಂದಿದ್ದರು. ಇತರರಿಗೂ ಆಟಿಸಂ ಇರುವವರ ಮನಸ್ಸು ತಿಳಿಯುವುದಿಲ್ಲವಲ್ಲ ಎಂದರು ಮಿಲ್ಟನ್. ಎರಡು ದಡಗಳಿಂದಲೂ ಸೇತುವೆ ಇಲ್ಲ. ಆದರೆ ಸೇತುವೆ ಕಟ್ಟುವ ಹೊಣೆಯನ್ನು ಒಂದೇ ದಡದವರ ಮೇಲೆ ಹೊರಿಸಲಾಗಿದೆ. ಕಣ್ಣು ನೋಡಿ ಮಾತನಾಡಲು, ನಗಲು, ಕೈಕುಲುಕಲು ಯುವಕರಿಗೆ ತಿಂಗಳುಗಟ್ಟಲೆ ತಾಲೀಮು ಕೊಡುವ ತರಬೇತಿಗಳು ಮಾಡುವುದೂ ಇದನ್ನೇ. ಅದರಿಂದ ಕೆಲವರಿಗೆ ಸಹಾಯವಾಗಬಹುದು. ಆದರೆ ಎದುರು ಕುಳಿತು ಪ್ರಶ್ನೆ ಕೇಳುವವರಿಗೆ ಒಂದು ಗಂಟೆಯ ತಾಲೀಮು ಕೊಟ್ಟರೂ ಆಗುವ ಪ್ರಯೋಜನ ಹೆಚ್ಚು ಎಂದು ನಾನು ನಂಬುತ್ತೇನೆ.

ಆ ಒಂದು ಗಂಟೆಯಲ್ಲಿ ಹೇಳಿಕೊಡಬೇಕಾದದ್ದು ಕಷ್ಟದ್ದೇನಲ್ಲ. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆದು ಕಳಿಸಬಹುದು. ಅದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ, ಎಲ್ಲ ಅಭ್ಯರ್ಥಿಗಳಿಗೂ ಕಳಿಸಿದರಾಯಿತು. 'ನಿಮ್ಮ ಬಗ್ಗೆ ಹೇಳಿ' ಎನ್ನುವ ಬದಲು 'ಹಿಂದಿನ ಕೆಲಸದಲ್ಲಿ ದಾಖಲೆಗಳ ತಪ್ಪನ್ನು ನೀವು ಹೇಗೆ ಪತ್ತೆ ಹಚ್ಚುತ್ತಿದ್ದಿರಿ, ಒಂದು ಉದಾಹರಣೆ ಕೊಡಿ' ಎಂದು ಕೇಳಬಹುದು. ಉತ್ತರ ಸಾಕೆನಿಸಿದಾಗ ಸಾಕು ಎಂದು ಬಾಯಿಬಿಟ್ಟು ಹೇಳಬಹುದು. ಎಲ್ಲಕ್ಕಿಂತ ಒಳ್ಳೆಯದು, ಮಾತನ್ನು ಬದಿಗಿಟ್ಟು ಕೆಲಸವನ್ನೇ ಮಾಡಿಸಿ ನೋಡುವುದು.

ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ 2004ರಲ್ಲಿ ಆರಂಭಿಸಿದ ಸ್ಪೆಷಲಿಸ್ಟರ್ನೆ ಸಂಸ್ಥೆ ಹೆಸರು ಮಾಡಿದ್ದು ಈ ದಾರಿಯಿಂದಲೇ. ಸೊನ್ನೆಯವರ ಮಗನಿಗೆ ಆಟಿಸಂ ಇತ್ತು. ಅಭ್ಯರ್ಥಿಗಳನ್ನು ಮೇಜಿನ ಆಚೆ ಕೂರಿಸಿ ಪ್ರಶ್ನಿಸುವುದರ ಬದಲು ಲೆಗೊ ರೋಬೋಟ್‌ಗಳನ್ನು ಕೈಗೆ ಕೊಟ್ಟು, ಅವರು ಸಮಸ್ಯೆಯನ್ನು ಬಿಡಿಸುವ ಬಗೆಯನ್ನು ಗಮನಿಸುವ ಪದ್ಧತಿಯನ್ನು ಅಲ್ಲಿ ರೂಢಿಗೆ ತಂದರು. 2013ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ, 2015ರಲ್ಲಿ ಮೈಕ್ರೋಸಾಫ್ಟ್ ಕಂಪನಿಗಳೂ ಆಟಿಸಂ ಇರುವವರಿಗಾಗಿ ಬೇರೆಯದೇ ನೇಮಕಾತಿ ಕ್ರಮಗಳನ್ನು ಶುರು ಮಾಡಿದವು. ಇಂಥ ಯೋಜನೆಗಳಿಲ್ಲದ ಕಡೆ ಅಭ್ಯರ್ಥಿಯೇ ಈ ಬಾಗಿಲನ್ನು ತೆರೆಯಲು ಪ್ರಯತ್ನಿಸಬಹುದು. ಸ್ವತಃ ಆಟಿಸಂ ಇರುವ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ತಮ್ಮ ವೃತ್ತಿಯ ಆರಂಭದಲ್ಲಿ ಮಾತಿಗಿಂತ ಮೊದಲು ತಾವು ಬಿಡಿಸಿದ ದನದ ದೊಡ್ಡಿಗಳ ನಕ್ಷೆಗಳನ್ನು ಮುಂದಿಡುತ್ತಿದ್ದರು. ನಕ್ಷೆ ನೋಡಿದವರು ಅವರ ಮಾತಿನ ಶೈಲಿಯನ್ನು ಮರೆತುಬಿಡುತ್ತಿದ್ದರು. ಬರೆದ ಪ್ರೋಗ್ರಾಂ, ಹೊಲಿದ ಬಟ್ಟೆ, ಜೋಡಿಸಿದ ಯಂತ್ರದ ಫೋಟೊ, ತಿದ್ದಿದ ಪುಟಗಳು ಹೀಗೆ ಏನಾದರೂ ಕೈಯಲ್ಲಿ ಹಿಡಿದು ಹೋಗುವುದು ಸ್ವವಿವರದ ಹತ್ತು ಸಾಲುಗಳಿಗಿಂತ ಮೇಲು.

ಇಲ್ಲೊಂದು ಎಚ್ಚರಿಕೆ ಬೇಕು. ದೊಡ್ಡ ಕಂಪನಿಗಳ ಯೋಜನೆಗಳಿಂದಾಗಿ ಆಟಿಸಂ ಎಂದರೆ ಕಂಪ್ಯೂಟರ್ ಪ್ರತಿಭೆ ಎಂಬ ಭಾವನೆ ಬೇರೂರಿದೆ. ಈ ಹೊಗಳಿಕೆ ಬಹಳ ಜನರಿಗೆ ಹೊರೆಯಾಗಿದೆ. ಗಣಿತ ಒಲ್ಲದವರು, ಪ್ರಾಣಿಗಳ ನಡುವೆ ಅರಳುವವರು, ಭಾಷೆಗಳನ್ನು ಪ್ರೀತಿಸುವವರು, ಮರಗೆಲಸದಲ್ಲಿ ಮೈಮರೆಯುವವರು ಅವರಲ್ಲೂ ಇದ್ದಾರೆ. ಸುಮಾರು ಮೂರನೇ ಒಂದು ಭಾಗದವರಿಗೆ ಬೌದ್ಧಿಕ ಅಂಗವೈಕಲ್ಯವೂ ಜೊತೆಗಿರುತ್ತದೆ. ಮಾತೇ ಬಾರದವರೂ ಇದ್ದಾರೆ. ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ಇವರನ್ನು ಮುಟ್ಟುವುದೇ ಇಲ್ಲ.

ಅವರಿಗೆ ದಾರಿ ತೋರಿಸಿದ್ದು ಒಂದು ಆಸ್ಪತ್ರೆ. 1996ರಲ್ಲಿ ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿದ್ದ ದಾದಿ ಎರಿನ್ ರೀಲೆ, ಸಾಮಗ್ರಿಗಳನ್ನು ಸರಿಯಾಗಿ ಜೋಡಿಸಿಡುವ ಕೆಲಸಕ್ಕೆ ನಿಲ್ಲುವ ಜನ ಸಿಗದೆ, ಆಟಿಸಂ, ಬೌದ್ಧಿಕ ಅಂಗವೈಕಲ್ಯದಂಥ ಬೆಳವಣಿಗೆಯ ಅಂಗವೈಕಲ್ಯ ಇರುವವರನ್ನು ಏಕೆ ತೆಗೆದುಕೊಳ್ಳಬಾರದು ಎಂದು ಯೋಚಿಸಿದರು. ಅದು ಪ್ರಾಜೆಕ್ಟ್ ಸರ್ಚ್ ಎಂಬ ಕಾರ್ಯಕ್ರಮವಾಗಿ ಬೆಳೆಯಿತು. ಇದರ ತಿರುಳು ಸರಳ. ತರಗತಿಯಲ್ಲಿ ತಯಾರು ಮಾಡಿ ಆಮೇಲೆ ಕೆಲಸಕ್ಕೆ ಕಳಿಸುವುದು ಹಳೆಯ ಕ್ರಮ. ಇಲ್ಲಿ ಕೆಲಸದ ಜಾಗಕ್ಕೇ ಕರೆದೊಯ್ದು ಅಲ್ಲಿಯೇ ಕಲಿಸುತ್ತಾರೆ, ಪಕ್ಕದಲ್ಲಿ ಒಬ್ಬ ತರಬೇತುದಾರರಿರುತ್ತಾರೆ. ಕಲಿತದ್ದನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವುದು ಆಟಿಸಂ ಇರುವ ಅನೇಕರಿಗೆ ಕಷ್ಟ. ತರಗತಿಯ ನಕಲಿ ಕಪಾಟಿನಲ್ಲಿ ಕಲಿತದ್ದು ಆಸ್ಪತ್ರೆಯ ನಿಜವಾದ ಕಪಾಟಿನ ಮುಂದೆ ನೆರವಿಗೆ ಬಾರದೆ ಹೋಗಬಹುದು. ಆದ್ದರಿಂದಲೇ ಈ ಕ್ರಮ ಫಲ ಕೊಡುತ್ತದೆ. ಸಂಶೋಧಕ ಪಾಲ್ ವೇಮನ್ ತಂಡ ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಆಟಿಸಂ ಇರುವ ಯುವಜನರೊಡನೆ ಇದನ್ನು ಪ್ರಯೋಗಕ್ಕೆ ಒಡ್ಡಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕಾರ್ಯಕ್ರಮದ ನೆರವು ಪಡೆದ ಯುವಜನರಲ್ಲಿ ಶೇ 87.5 ಮಂದಿಗೆ ಕೆಲಸ ಸಿಕ್ಕಿತ್ತು. ಎಂದಿನ ಶಾಲಾ ವ್ಯವಸ್ಥೆಯಲ್ಲೇ ಉಳಿದವರಲ್ಲಿ ಶೇ 6.25 ಮಂದಿಗೆ. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಎರಡೂ ಗುಂಪು ಸೇರಿ ನಲವತ್ತು. ಆದರೂ ಈ ಅಂತರವನ್ನು ಆಕಸ್ಮಿಕ ಎನ್ನಲಾಗದು.

ಅವರಿಗೆ ಸಿಕ್ಕ ಕೆಲಸಗಳು ಬಹುತೇಕ ಅರೆಕಾಲಿಕ ಎಂಬುದನ್ನೂ ಹೇಳಬೇಕು. ಕೆಲಸ ಸಿಗುವುದಕ್ಕಿಂತ ಪೂರ್ಣಾವಧಿ ಕೆಲಸ ಸಿಗುವುದು, ಸಿಕ್ಕ ಮೇಲೆ ಅದು ನಿಲ್ಲುವುದು ಇನ್ನೂ ಕಷ್ಟ. ಏಕೆ?

ಒಂದು ಕಾರಣ ದಣಿವು, ಅದೂ ಕೆಲಸದಿಂದ ಆಗುವ ದಣಿವಲ್ಲ. ತೆರೆದ ಕಚೇರಿಯ ಗದ್ದಲ, ಮಿಣುಕುವ ಟ್ಯೂಬ್‌ಲೈಟ್, ಪಕ್ಕದವರ ಸುಗಂಧ ದ್ರವ್ಯ, ಏಕಕಾಲಕ್ಕೆ ನಡೆಯುವ ನಾಲ್ಕು ಮಾತುಕತೆ. ಹೆಚ್ಚಿನವರ ಮಿದುಳು ಇವನ್ನು ಹಿನ್ನೆಲೆಗೆ ತಳ್ಳಿಬಿಡುತ್ತದೆ. ಆಟಿಸಂ ಇರುವ ಅನೇಕರಿಗೆ ಎಲ್ಲವೂ ಒಂದೇ ಅಳತೆಯಲ್ಲಿ ಒಳಕ್ಕೆ ನುಗ್ಗುತ್ತವೆ. ಅದರ ಮೇಲೆ, ತಾನು ಇತರರಂತೆಯೇ ಕಾಣಬೇಕೆಂದು ಇಡೀ ದಿನ ಮುಖವಾಡ ಹೊತ್ತು ಇರುವ ಶ್ರಮ: ಎಷ್ಟು ಹೊತ್ತು ಕಣ್ಣು ನೋಡಿದೆ, ಈಗ ನಗಬೇಕೇ, ಕೈಯನ್ನು ಎಲ್ಲಿಡಲಿ ಎಂಬ ಲೆಕ್ಕಾಚಾರ ಒಳಗೆ ನಿಲ್ಲದೆ ನಡೆಯುತ್ತಿರುತ್ತದೆ. ಎಂಟು ಗಂಟೆಯ ಕೆಲಸದ ಜೊತೆಗೆ ಎಂಟು ಗಂಟೆಯ ನಟನೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಒಂದು ದಿನ ದೇಹ ಮನಸ್ಸು ಎರಡೂ ಕೈಚೆಲ್ಲುತ್ತವೆ. ಬಲ್ಲ ಕೆಲಸವೂ ಆಗದ ಸ್ಥಿತಿ ಬರುತ್ತದೆ. ಹೊರಗಿನವರಿಗೆ ಕಾಣುವುದು ಇಷ್ಟೇ: ಚೆನ್ನಾಗಿಯೇ ಇದ್ದ ಮನುಷ್ಯ ಇದ್ದಕ್ಕಿದ್ದಂತೆ ಕೆಲಸ ಬಿಟ್ಟ.

ಹಾಗಾದರೆ ಪೂರ್ಣಾವಧಿ ಬೇಡವೇ? ಈ ತೀರ್ಮಾನಕ್ಕೆ ಬೇಗ ಜಿಗಿಯುವವರನ್ನು ಕಂಡರೆ ನನಗೆ ಅಸಮಾಧಾನ. ಅರೆಕಾಲಿಕ ಸಂಬಳದಲ್ಲಿ ಬಾಡಿಗೆ ಕಟ್ಟಲಾಗದು, ವಯಸ್ಸಾದ ತಂದೆತಾಯಿಯ ನೆರಳಿನಿಂದ ಹೊರಬರಲಾಗದು. ಅರೆಕಾಲಿಕವನ್ನು ಇಷ್ಟಪಟ್ಟು ಆರಿಸಿಕೊಂಡವರ ಮಾತು ಬೇರೆ. ಅದಕ್ಕಿಂತ ಹೆಚ್ಚು ಬೇಕೆನ್ನುವವರಿಗೆ ನಿಮ್ಮಿಂದಾಗದು ಎಂದು ಇನ್ನೊಬ್ಬರು ನಿರ್ಧರಿಸಬಾರದು. ಪೂರ್ಣಾವಧಿಯ ಆಕಾರವನ್ನು ಬದಲಿಸಲು ಸಾಧ್ಯವಿದೆ. ವಾರಕ್ಕೆ ಇಪ್ಪತ್ತು ಗಂಟೆಯಿಂದ ಆರಂಭಿಸಿ ಆರು ತಿಂಗಳಲ್ಲಿ ಹಂತಹಂತವಾಗಿ ಏರಿಸುವುದು. ಜನಸಂದಣಿಯ ಹೊತ್ತಿನ ಪ್ರಯಾಣ ತಪ್ಪಿಸಲು ಬೆಳಗ್ಗೆ ಏಳಕ್ಕೆ ಬಂದು ಮಧ್ಯಾಹ್ನ ಮೂರಕ್ಕೆ ಹೋಗುವುದು. ಎರಡು ದಿನ ಮನೆಯಿಂದ ಕೆಲಸ. ಮಧ್ಯಾಹ್ನದ ಊಟವನ್ನು ಎಲ್ಲರೊಡನೆ ಮಾಡಲೇಬೇಕೆಂಬ ಒತ್ತಾಯ ಇಲ್ಲದಿರುವುದು. ಈ ಕೊನೆಯದು ಸಣ್ಣದೆನಿಸಬಹುದು, ಆದರೆ ಮುಕ್ಕಾಲು ಗಂಟೆ ಒಂಟಿಯಾಗಿ ಕುಳಿತರಷ್ಟೇ ಮಧ್ಯಾಹ್ನದ ನಂತರ ಕೆಲಸ ಸಾಗುತ್ತದೆ ಎನ್ನುವವರಿದ್ದಾರೆ.

ಹಣದ ತೊಡಕೂ ಒಂದಿದೆ. ಕೆಲವು ದೇಶಗಳಲ್ಲಿ ನಿಗದಿತ ಮಿತಿ ಮೀರಿ ದುಡಿದರೆ ಅಂಗವೈಕಲ್ಯ ಭತ್ಯೆ ನಿಂತುಹೋಗುತ್ತದೆ, ಅದಕ್ಕೆ ಅಂಟಿಕೊಂಡ ವೈದ್ಯಕೀಯ ನೆರವೂ ಹೋಗಬಹುದು. ಕೆಲಸ ಉಳಿಯುತ್ತದೆಂಬ ಖಾತ್ರಿ ಇಲ್ಲದಾಗ ಇರುವ ಆಸರೆಯನ್ನು ಕಳೆದುಕೊಳ್ಳಲು ಕುಟುಂಬಗಳು ಹೆದರುತ್ತವೆ. ಇದನ್ನು ಸೋಮಾರಿತನ ಎಂದು ಕರೆಯಬೇಡಿ. ಪೂರ್ಣಾವಧಿಗೆ ಒಪ್ಪುವ ಮೊದಲು ಭತ್ಯೆಯ ನಿಯಮಗಳನ್ನು ಬಲ್ಲವರ ಬಳಿ ಲೆಕ್ಕ ಹಾಕಿಸಿ, ಕೆಲಸ ಹೋದರೆ ಭತ್ಯೆ ಮರಳಿ ಸಿಗುವ ಕ್ರಮವನ್ನು ಬರಹದಲ್ಲಿ ತಿಳಿದುಕೊಳ್ಳುವುದು ಜಾಣತನ.

ಆಟಿಸಂ ಇದೆ ಎಂದು ಹೇಳಬೇಕೇ, ಬೇಡವೇ? ಎಲ್ಲರಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಹೇಳಿದರೆ ಅರ್ಜಿಯೇ ಮೂಲೆ ಸೇರಬಹುದು. ಹೇಳದಿದ್ದರೆ ಬೇಕಾದ ಹೊಂದಾಣಿಕೆಯನ್ನು, ಅಂದರೆ ಕೆಲಸದ ಜಾಗ, ಸಮಯ, ರೀತಿಗಳಲ್ಲಿ ತನಗೆ ಅಗತ್ಯವಾದ ಬದಲಾವಣೆಯನ್ನು, ಕೇಳುವ ಆಧಾರವೇ ಇರುವುದಿಲ್ಲ. ಕಾನೂನು ಹಲವು ಕಡೆ ಜೊತೆಗಿದೆ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ದುಡಿಯುವ ಹಕ್ಕನ್ನು ಎತ್ತಿ ಹಿಡಿಯುತ್ತದೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವೆಲ್ಲವೂ ಸಮಂಜಸ ಹೊಂದಾಣಿಕೆಯ ಮಾತನ್ನಾಡುತ್ತವೆ. ಭಾರತದ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ 21 ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ, ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಾತಿಯಲ್ಲೂ ಪಾಲು ಕೊಟ್ಟಿದೆ. ಆದರೆ ಅರ್ಜಿ ಮೂಲೆ ಸೇರಿದ್ದು ಆಟಿಸಂ ಕಾರಣದಿಂದಲೇ ಎಂದು ರುಜುವಾತು ಮಾಡುವುದು ಸುಲಭವಲ್ಲ. ನನ್ನ ಅಭಿಪ್ರಾಯ ಹೀಗಿದೆ: ಸಂದರ್ಶನದಲ್ಲೇ ಹೊಂದಾಣಿಕೆ ಬೇಕಿದ್ದರೆ ಮೊದಲೇ ಹೇಳಿ. ಇಲ್ಲವಾದರೆ ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಕೆಲಸ ಶುರುವಾಗುವ ಮುನ್ನ ಹೇಳಿ. ಹೇಳುವಾಗ ರೋಗನಿರ್ಣಯದ ಹೆಸರಿಗೇ ನಿಲ್ಲಬೇಡಿ. 'ನನಗೆ ಆಟಿಸಂ ಇದೆ' ಎಂಬ ಮಾತನ್ನು ಕೇಳಿದವರ ತಲೆಯಲ್ಲಿ ಏನೇನು ಚಿತ್ರ ಮೂಡುತ್ತದೋ ಬಲ್ಲವರಾರು? 'ಬಾಯಿಮಾತಿನಲ್ಲಿ ಐದು ಸೂಚನೆ ಕೊಟ್ಟರೆ ಎರಡು ತಪ್ಪಿಹೋಗುತ್ತವೆ, ಬರೆದು ಕೊಟ್ಟರೆ ಒಂದೂ ತಪ್ಪುವುದಿಲ್ಲ' ಎಂದರೆ ಮೇಲಧಿಕಾರಿಗೆ ತಾನೇನು ಮಾಡಬೇಕೆಂಬುದು ಗೊತ್ತಾಗುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ಹೊಂದಾಣಿಕೆಗಳಿಗೆ ತುಂಬಾ ಖರ್ಚಾಗುತ್ತದೆ ಎಂಬ ಭಯ ಮಾಲೀಕರಿಗೆ. ಇಂಥ ಹೊಂದಾಣಿಕೆಗಳ ಬಗ್ಗೆ ಸಲಹೆ ಕೊಡುವ ಅಮೆರಿಕದ ಜಾಬ್ ಅಕಾಮಡೇಶನ್ ನೆಟ್‌ವರ್ಕ್ ಮಾಲೀಕರನ್ನೇ ಕೇಳಿ ನಡೆಸುತ್ತಾ ಬಂದಿರುವ ಸಮೀಕ್ಷೆಗಳ ಪ್ರಕಾರ, ಕೆಲಸದ ಜಾಗದಲ್ಲಿ ಮಾಡಿಕೊಟ್ಟ ಹೊಂದಾಣಿಕೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒಂದು ಬಿಡಿಗಾಸೂ ಖರ್ಚಾಗಿಲ್ಲ. ಕಿವಿಗೆ ಗದ್ದಲ ತಡೆಯುವ ಹೆಡ್‌ಫೋನ್, ಗೋಡೆಯ ಪಕ್ಕದ ಮೇಜು, ಸಭೆಗೆ ಮುನ್ನ ವಿಷಯಪಟ್ಟಿ. ಇಷ್ಟರಲ್ಲೇ ಬಹಳಷ್ಟು ಮುಗಿಯುತ್ತದೆ.

ದುಡ್ಡಿಗಿಂತ ಕಷ್ಟದ್ದು ಮಾತಿನ ಅಭ್ಯಾಸವನ್ನು ಬದಲಿಸುವುದು. 'ಬಿಡುವಾದಾಗ ಇದನ್ನೊಮ್ಮೆ ನೋಡಿ' ಎಂದು ಮೇಲಧಿಕಾರಿ ಕಡತ ಕೊಡುತ್ತಾರೆ. ಸಂಜೆಯೊಳಗೆ ಮುಗಿಸಿ ಎಂಬುದು ಅದರ ಅರ್ಥ. ಬಿಡುವಾಗಲಿಲ್ಲ, ಆದ್ದರಿಂದ ನೋಡಲಿಲ್ಲ ಎಂದು ನೌಕರ ನಿಜವನ್ನೇ ಹೇಳಿದರೆ ಅದು ಉದ್ಧಟತನವಾಗಿ ಕಾಣುತ್ತದೆ. ರಜೆ ಕೇಳಿದಾಗ 'ನೋಡೋಣ' ಎಂದರೆ ಬಹುತೇಕ ಇಲ್ಲ ಎಂದೇ ಅರ್ಥ. ಆದರೆ ನೋಡುತ್ತಾರೆಂದು ನಂಬಿ ಕಾಯುವವರೂ ಇದ್ದಾರೆ. 'ಇದನ್ನು ಇಂದು ಸಂಜೆ ಐದಕ್ಕೆ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಿ' ಎಂದು ಹೇಳುವುದು ಒರಟುತನವಲ್ಲ. ಅದರಿಂದ ಆಟಿಸಂ ಇಲ್ಲದ ಸಹೋದ್ಯೋಗಿಗಳೂ ನೆಮ್ಮದಿಯ ಉಸಿರು ಬಿಡುತ್ತಾರೆ. ತಪ್ಪಾದಾಗಲೂ ಅಷ್ಟೇ: ಸುತ್ತಿ ಬಳಸಿ ಸೂಚನೆ ಕೊಡುವ ಬದಲು ಏನು ತಪ್ಪಾಯಿತು, ಮುಂದಿನ ಸಲ ಏನು ಮಾಡಬೇಕು ಎಂದು ಶಾಂತವಾಗಿ, ನೇರವಾಗಿ, ಒಬ್ಬರೇ ಇದ್ದಾಗ ಹೇಳಬೇಕು. ವಾರಕ್ಕೊಮ್ಮೆ ಹದಿನೈದು ನಿಮಿಷ ಇದಕ್ಕೆಂದೇ ತೆಗೆದಿಟ್ಟರೆ ಸಣ್ಣ ತೊಡಕುಗಳು ದೊಡ್ಡದಾಗುವುದಿಲ್ಲ.

ಇಷ್ಟೆಲ್ಲ ಸರಿಹೋಗಿ, ಎರಡು ಮೂರು ವರ್ಷ ಚೆನ್ನಾಗಿ ನಡೆದ ಕೆಲಸ ಹಠಾತ್ತನೆ ಮುರಿದುಬೀಳುವುದುಂಟು. ಆಗ ಕೇಳಬೇಕಾದ ಮೊದಲ ಪ್ರಶ್ನೆ, ಮೇಲಧಿಕಾರಿ ಬದಲಾದರೇ ಎಂಬುದು. ಎಲ್ಲ ಹೊಂದಾಣಿಕೆಗಳೂ ಒಬ್ಬ ಒಳ್ಳೆಯ ಮನುಷ್ಯನ ನೆನಪಿನಲ್ಲಿದ್ದವು. ಆತ ವರ್ಗವಾಗಿ ಹೋದಾಗ ಅವೂ ಹೋದವು. ಹೊಸಬರು ಬಂದು ಮೇಜಿನ ಜಾಗ ಬದಲಿಸುತ್ತಾರೆ, ಸೂಚನೆಗಳು ಮತ್ತೆ ಬಾಯಿಮಾತಿಗೆ ಇಳಿಯುತ್ತವೆ, ಹೆಡ್‌ಫೋನ್ ಅಶಿಸ್ತಾಗಿ ಕಾಣುತ್ತದೆ. ಇದನ್ನು ತಡೆಯಲು ಒಂದೇ ಪುಟ ಸಾಕು. ನಾನು ಹೇಗೆ ಚೆನ್ನಾಗಿ ಕೆಲಸ ಮಾಡುತ್ತೇನೆ, ಯಾವುದರಿಂದ ತೊಂದರೆಯಾಗುತ್ತದೆ, ನಾನು ಮೌನವಾದರೆ ಅದರ ಅರ್ಥವೇನು, ಆಗ ಏನು ಮಾಡಬೇಕು, ಏನು ಮಾಡಬಾರದು, ಯಾವ ಹೊಂದಾಣಿಕೆಗೆ ಕಚೇರಿ ಯಾವ ದಿನ ಒಪ್ಪಿದೆ ಎಂಬಿಷ್ಟನ್ನು ನೌಕರ ಮತ್ತು ಮೇಲಧಿಕಾರಿ ಕೂಡಿ ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಸಿಬ್ಬಂದಿ ಕಡತದಲ್ಲಿ ಇಡಬೇಕು. ವರ್ಷಕ್ಕೊಮ್ಮೆ ತಿದ್ದಬೇಕು. ಹೊಸ ಮೇಲಧಿಕಾರಿ ಬಂದ ಮೊದಲ ದಿನ, ಬೀಗದ ಕೈಗಳ ಜೊತೆಗೆ ಈ ಪುಟವೂ ಅವರ ಕೈ ಸೇರಬೇಕು.